‘ಗುಡ್ ಇಂಜಿನಿಯರ್’ ಮುಂದೆ ‘ಎ’ ಬೇಕಾ, ‘ಆ್ಯನ್’ ಬೇಕಾ?

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಅಂತ ಊರು ಬಿಟ್ಟು ಕೆಲಸ ಮಾಡುವ ನಮ್ಮಂಥವರಿಗೆ ಆಫೀಸಿನಲ್ಲಿ ಕನ್ನಡ ನಡೆಯಲ್ಲ. ಅಲ್ಲಿನ ಭಾಷೆ ಅರ್ಧಂಬರ್ಧ ಬರುತ್ತೆ. ಹಾಗಾಗಿ ಮೇಲ್, ಚಾಟ್, ಮೀಟಿಂಗ್ ಎಲ್ಲಾ ಇಂಗ್ಲಿಷಿನಲ್ಲೇ. ಮಿಕ್ಕ ವ್ಯಾಕರಣ ಹೇಗೋ ಸರಿಹೋಗುತ್ತೆ, ಎಡವುವುದು ‘ಎ’, ‘ಆ್ಯನ್’, ‘ದ’ ಅನ್ನುವ ಮೂರು ಪುಟ್ಟ ಪದಗಳಲ್ಲಿ. ಅದರಲ್ಲೂ ನಾಮಪದದ ಪಕ್ಕ ಒಂದು ವಿಶೇಷಣ ಬಂದು ಕೂತರೆ ಗೊಂದಲ ಜಾಸ್ತಿ. ‘ಆ್ಯನ್ ಇಂಜಿನಿಯರ್’ ಅಂತ ಸರಿಯಾಗಿ ಬರೆಯುವವರೇ, ನಡುವೆ ‘ಗುಡ್’ ಸೇರಿದ ಕೂಡಲೇ ‘ಆ್ಯನ್ ಗುಡ್ ಇಂಜಿನಿಯರ್’ ಅಂತಾರೆ, ಇಲ್ಲಾ ‘ಹೀ ಈಸ್ ಗುಡ್ ಇಂಜಿನಿಯರ್’ ಅಂತ ಆರ್ಟಿಕಲ್ಲನ್ನೇ ಬಿಟ್ಟುಬಿಡ್ತಾರೆ.

ಇದಕ್ಕೆ ಕಾರಣ ಸರಳ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ಮರಾಠಿ, ಹಿಂದಿ, ತಮಿಳು, ತೆಲುಗಿನಲ್ಲೂ ಇಲ್ಲ. ಹಾಗಾಗಿ ಪಕ್ಕದ ಸೀಟಿನವರೂ ನಮ್ಮನ್ನು ತಿದ್ದುವುದಿಲ್ಲ! ಆದರೆ ಅದರ ಹಿಂದಿನ ಕಲ್ಪನೆ ನಮಗೆ ಚೆನ್ನಾಗಿ ಗೊತ್ತು. ಅಜ್ಜಿ ಕಥೆಯಲ್ಲಿ ಮೊದಲು ‘ಒಬ್ಬ ರಾಜ ಇದ್ದ’ ಅಂತ ಬರುತ್ತೆ, ಆಮೇಲೆ ‘ಆ ರಾಜ’ ಅಂತ. ‘ಪುಸ್ತಕ ಓದಿದೆ’ ಅಂದರೆ ಯಾವುದೋ ಪುಸ್ತಕ, ‘ಪುಸ್ತಕವನ್ನು ಓದಿದೆ’ ಅಂದರೆ ನಿಮಗೂ ನನಗೂ ಗೊತ್ತಿರುವ ಪುಸ್ತಕ. ನಾವು ವಿಭಕ್ತಿಯಲ್ಲಿ ಮಾಡುವ ಕೆಲಸವನ್ನು ಇಂಗ್ಲಿಷ್ ಬೇರೆ ಪದದಲ್ಲಿ ಮಾಡುತ್ತೆ, ಅಷ್ಟೇ. ‘ಆ್ಯನ್’ ಹುಟ್ಟಿದ್ದೇ ಹಳೆಯ ಇಂಗ್ಲಿಷಿನ ‘ಒಂದು’ ಎಂಬ ಅರ್ಥದ ಪದದಿಂದ. ‘ದ’ಗೂ ‘ದಟ್’ಗೂ ರಕ್ತಸಂಬಂಧ. ಕೋಡ್ ಬರೆಯುವವರ ಭಾಷೆಯಲ್ಲಿ ಹೇಳಬೇಕು ಅಂದ್ರೆ, ‘ಎ’ ಹೊಸ ಆಬ್ಜೆಕ್ಟ್ ಸೃಷ್ಟಿಸುತ್ತೆ, ‘ದ’ ಕೇಳುವವರ ಮೆಮೊರಿಯಲ್ಲಿ ಆಗಲೇ ಇರುವುದನ್ನು ತೋರಿಸುತ್ತೆ.

ಈಗ ವಿಶೇಷಣಕ್ಕೆ ಬರೋಣ. ಆರ್ಟಿಕಲ್ ಸೇರಿದ್ದು ನಾಮಪದಕ್ಕೆ, ವಿಶೇಷಣಕ್ಕಲ್ಲ. ‘ಶೀ ಈಸ್ ಇಂಟೆಲಿಜೆಂಟ್’ ಅನ್ನುವಲ್ಲಿ ನಾಮಪದವೇ ಇಲ್ಲ, ಆರ್ಟಿಕಲ್ಲೂ ಬೇಡ. ‘ಶೀ ಈಸ್ ಆ್ಯನ್ ಇಂಟೆಲಿಜೆಂಟ್ ಗರ್ಲ್’ ಅನ್ನುವಾಗ ಕೊನೆಯಲ್ಲಿ ‘ಗರ್ಲ್’ ಇದೆ, ಆದ್ದರಿಂದ ಬೇಕು. ಇಲ್ಲಿ ಕನ್ನಡ ನಮಗೆ ಒಂದು ಗುಂಡಿ ತೋಡಿಟ್ಟಿದೆ. ನಾವು ‘ಮನೆ ದೊಡ್ಡ’ ಅನ್ನುವುದಿಲ್ಲ, ‘ಮನೆ ದೊಡ್ಡದು’ ಅಂತೀವಿ. ಆ ‘ದು’ ವಿಶೇಷಣವನ್ನು ನಾಮಪದ ಮಾಡಿಬಿಡುತ್ತೆ. ಆ ಅಭ್ಯಾಸದಲ್ಲೇ ಕೆಲವರ ಬಾಯಲ್ಲಿ ‘ದ ಹೌಸ್ ಈಸ್ ಎ ಬಿಗ್’ ಅಂತ ಬಂದುಬಿಡುತ್ತೆ. ಒಂದೋ ‘ದ ಹೌಸ್ ಈಸ್ ಬಿಗ್’ ಅನ್ನಿ, ಇಲ್ಲಾ ‘ಎ ಬಿಗ್ ಒನ್’ ಅನ್ನಿ.

ಬೇಕೋ ಬೇಡವೋ ಅನ್ನುವುದು ನಾಮಪದದ ಮೇಲೆ ನಿಂತಿದೆ, ಸರಿ. ಆದರೆ ‘ಎ’ನೋ ‘ಆ್ಯನ್’ನೋ ಅನ್ನುವುದು ಆರ್ಟಿಕಲ್ಲಿನ ಮುಂದೆಯೇ ಇರುವ ಪದದ ಮೊದಲ ಸದ್ದಿನ ಮೇಲೆ. ‘ಆ್ಯನ್ ಐಡಿಯಾ’, ಆದರೆ ‘ಎ ಯೂಸ್‌ಫುಲ್ ಐಡಿಯಾ’. ‘ಎ ಬಗ್’, ಆದರೆ ‘ಆ್ಯನ್ ಅನ್‌ಯೂಶುವಲ್ ಬಗ್’. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿದರೆ ಮೋಸ ಹೋಗ್ತೀರಿ. ಮನಸ್ಸಿನಲ್ಲೇ ಆ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಮೊದಲ ಅಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಎ’. ಯೂನಿವರ್ಸಿಟಿ, ಯುರೋಪಿಯನ್, ಯುಆರ್‌ಎಲ್ ಎಲ್ಲಾ ಯಕಾರ, ಹಾಗಾಗಿ ‘ಎ’. ಅವರ್, ಆನೆಸ್ಟ್ ಇವು ಸ್ವರ, ಹಾಗಾಗಿ ‘ಆ್ಯನ್’. ಎಂಟೆಕ್, ಎನ್‌ಆರ್‌ಐ, ಎಂಪಿ ಇವಕ್ಕೂ ‘ಆ್ಯನ್’. ಎಸ್‌ಕ್ಯುಎಲ್ ಅನ್ನು ಬಿಡಿಬಿಡಿಯಾಗಿ ಹೇಳುವವರು ‘ಆ್ಯನ್’ ಹಾಕ್ತಾರೆ, ‘ಸೀಕ್ವೆಲ್’ ಅನ್ನುವವರು ‘ಎ’ ಹಾಕ್ತಾರೆ. ಇಬ್ಬರೂ ಸರಿ.

ಇಷ್ಟು ಒಳ್ಳೆಯ ಉಪಾಯಕ್ಕೂ ನಮ್ಮ ನಾಲಿಗೆ ಒಂದು ತೊಡಕು ಇಟ್ಟಿದೆ. ನಾವು ‘ಎಂಟು’ ಬರೆದು ‘ಯೆಂಟು’ ಅಂತೀವಿ, ‘ಒಂದು’ ಬರೆದು ‘ವೊಂದು’ ಅಂತೀವಿ. ಅದೇ ರೀತಿ ‘ಎಂಟೆಕ್’ ನಮ್ಮ ಬಾಯಲ್ಲಿ ‘ಯೆಂಟೆಕ್’ ಆಗಿ, ‘ಎ ಎಂಟೆಕ್’ ಸರಿ ಅನ್ನಿಸಿಬಿಡುತ್ತೆ. ಎಚ್ಆರ್ ಅನ್ನು ‘ಹೆಚ್ಆರ್’ ಅನ್ನುವವರಿಗೂ ಇದೇ ಪಾಡು. ಒನ್ ವಿಷಯ ಉಲ್ಟಾ. ಬರೆಯುವುದು ‘ಒನ್’, ಇಂಗ್ಲಿಷಿನ ನಿಜವಾದ ಸದ್ದು ‘ವನ್’. ಆದ್ದರಿಂದ ಕಂಪನಿಯ ಆಫರ್ ಲೆಟರಿನಲ್ಲಿರುವುದು ‘ಎ ಒನ್ ಇಯರ್ ಬಾಂಡ್’. ಅಂಕಿಗಳಲ್ಲಂತೂ ಸದ್ದು ಅಡಗಿಯೇ ಕೂತಿರುತ್ತೆ. ಪುಣೆ, ಮುಂಬೈನಲ್ಲಿ ಬಾಡಿಗೆ ಮನೆಗೆ ಸಹಿ ಹಾಕಿದವರಿಗೆ 11 ತಿಂಗಳ ಕರಾರು ಗೊತ್ತಲ್ಲ, ಅದು ‘ಆ್ಯನ್ 11 ಮಂತ್ ಅಗ್ರಿಮೆಂಟ್’. ಅಲ್ಲಿ ‘ಮಂತ್ಸ್’ ಆಗಲ್ಲ, ಯಾಕಂದ್ರೆ ‘11 ಮಂತ್’ ಅಲ್ಲಿ ವಿಶೇಷಣದ ಕೆಲಸ ಮಾಡ್ತಿದೆ.

ಈ ‘ನ್’ ಎಷ್ಟು ಜಾರುವ ಅಕ್ಷರ ಅಂದ್ರೆ, ಕ್ರಿಕೆಟ್ಟಿನ ‘ಅಂಪೈರ್’ ಮೊದಲು ನಕಾರದಿಂದ ಶುರುವಾಗುವ ಪದವಾಗಿತ್ತು. ಕೇಳುವವರು ಆ ನಕಾರವನ್ನು ಆರ್ಟಿಕಲ್ಲಿನ ಬಾಲ ಅಂದುಕೊಂಡು ‘ಆ್ಯನ್ ಅಂಪೈರ್’ ಮಾಡಿಬಿಟ್ಟರು. ಅಡುಗೆಮನೆಯ ‘ಏಪ್ರನ್’ ಕಥೆಯೂ ಅದೇ.

ಆರ್ಟಿಕಲ್ ಎಲ್ಲಿ ಕೂರಬೇಕು ಅನ್ನುವುದಕ್ಕೂ ಒಂದು ವಿಚಿತ್ರ ಇದೆ. ಮಾಮೂಲಾಗಿ ಅದು ವಿಶೇಷಣಗಳಿಗಿಂತ ಮುಂಚೆ ಬರುತ್ತೆ, ‘ಎ ವೆರಿ ಬಿಗ್ ಚೇಂಜ್’ ಅಂತ. ಆದರೆ ‘ಟೂ’, ‘ಸೋ’, ‘ಆ್ಯಸ್’, ‘ಹೌ’ ಬಂದರೆ ವಿಶೇಷಣವನ್ನು ಎಳೆದುಕೊಂಡು ಆರ್ಟಿಕಲ್ಲಿನ ಮುಂದೆ ಹೋಗಿಬಿಡುತ್ತವೆ. ‘ಇಟ್ ಈಸ್ ಟೂ ಬಿಗ್ ಎ ಚೇಂಜ್’ ಅನ್ನಬೇಕು, ‘ಎ ಟೂ ಬಿಗ್ ಚೇಂಜ್’ ಅಲ್ಲ. ‘ಸಚ್’ ಮತ್ತು ‘ವಾಟ್’ ತಾವು ಮಾತ್ರ ಮುಂದೆ ಹೋಗ್ತವೆ, ‘ಸಚ್ ಎ ಬಿಗ್ ಚೇಂಜ್’ ಅಂತ. ಬಹುವಚನದಲ್ಲಿ ‘ಟೂ’ ಆಟ ನಡೆಯುವುದಿಲ್ಲ. ಸುಮ್ಮನೆ ‘ದ ಚೇಂಜಸ್ ಆರ್ ಟೂ ಬಿಗ್’ ಅಂತ ವಾಕ್ಯವನ್ನೇ ತಿರುಗಿಸಿ.

ಎಣಿಸಲಾಗದ ವಸ್ತುಗಳ ಮುಂದೆ ವಿಶೇಷಣ ಬಂದರೂ ‘ಎ’ ಬರಲ್ಲ. ನಮ್ಮ ಕಸುಬಿನ ‘ಸಾಫ್ಟ್‌ವೇರ್’ ಕೂಡ ಈ ಪಟ್ಟಿಯಲ್ಲಿದೆ. ‘ಎ ಗುಡ್ ಸಾಫ್ಟ್‌ವೇರ್’ ಅನ್ನುವುದು ನಮ್ಮ ಟೆಕ್ ಪಾರ್ಕುಗಳಲ್ಲಿ ಎಷ್ಟೇ ಕೇಳಿಬಂದರೂ ತಪ್ಪೇ. ‘ಅಡ್ವೈಸ್’, ‘ಇನ್‌ಫರ್ಮೇಶನ್’ ಕೂಡ ಹಾಗೇ. ಆದರೆ ಇಂಗ್ಲಿಷ್ ಇಂಗ್ಲಿಷೇ ತಾನೆ? ‘ಎ ಗುಡ್ ನಾಲೆಡ್ಜ್ ಆಫ್ ಜಾವಾ’ ಅಂದರೆ ಸರಿ. ‘ಐ ಹ್ಯಾಡ್ ಬ್ರೇಕ್‌ಫಾಸ್ಟ್’ ಅನ್ನುವಾಗ ಆರ್ಟಿಕಲ್ ಬೇಡ, ‘ಹೆವಿ’ ಸೇರಿದ ಕೂಡಲೇ ‘ಎ ಹೆವಿ ಬ್ರೇಕ್‌ಫಾಸ್ಟ್’. ಇಂಥವನ್ನು ರೂಢಿಯಿಂದಲೇ ಕಲಿಯಬೇಕು.

ಇನ್ನು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಇಲ್ಲಿ ತಪ್ಪಿದರೆ ವ್ಯಾಕರಣ ಅಲ್ಲ, ಮಾತೇ ತಪ್ಪುತ್ತೆ. ಕನ್ನಡದಲ್ಲಿ ‘ಕ್ಲೈಂಟ್ ಹೇಳಿದ ಬಗ್ಗುಗಳು’ ಅಂತ ವಿವರ ಮೊದಲು, ನಾಮಪದ ಕೊನೆಗೆ. ಇಂಗ್ಲಿಷಿನಲ್ಲಿ ವಿವರ ನಾಮಪದದ ಹಿಂದೆ ಬರುತ್ತೆ. ಅಂದರೆ ವಿವರ ಬಾಯಿಗೆ ಬರುವ ಮುಂಚೆಯೇ ಆರ್ಟಿಕಲ್ ಯಾವುದು ಅಂತ ನೀವು ತೀರ್ಮಾನ ಮಾಡಿರಬೇಕು. ಕ್ಲೈಂಟ್ 14 ಬಗ್ ಹೇಳಿದ್ದಾರೆ, ನೀವು 9 ಸರಿಮಾಡಿದ್ದೀರಿ ಅಂದುಕೊಳ್ಳಿ. ಸಂಜೆ ಮೇಲಿನಲ್ಲಿ ‘ಐ ಹ್ಯಾವ್ ಫಿಕ್ಸ್ಡ್ ದ ಬಗ್ಸ್ ರಿಪೋರ್ಟೆಡ್ ಬೈ ದ ಕ್ಲೈಂಟ್’ ಅಂತ ಬರೆದರೆ 14ನ್ನೂ ಸರಿಮಾಡಿದ್ದೀನಿ ಅಂತ ಹೇಳಿದ ಹಾಗೆ. ಬಹುವಚನದ ಮುಂದಿನ ‘ದ’ ಅಂದರೆ ಎಲ್ಲವೂ. ಮಾರನೇ ದಿನ ಉಳಿದ 5 ಕಣ್ಣಿಗೆ ಬಿದ್ದರೆ, ನೀವು ಸುಳ್ಳು ಹೇಳಿದಿರಿ ಅಂತಲೇ ಅವರು ತಿಳಿಯುವುದು, ಇವರಿಗೆ ಆರ್ಟಿಕಲ್ ಬರಲ್ಲ ಅಂತಲ್ಲ. ‘ಬಗ್ಸ್’ ಮುಂದಿನ ‘ದ’ ತೆಗೆದರೆ ‘ಕೆಲವು’ ಅಂತ ಅರ್ಥ ಬರುತ್ತೆ, ಆದರೆ ಎಷ್ಟು ಅಂತ ತಿಳಿಯಲ್ಲ. ‘ನೈನ್ ಆಫ್ ದ ಬಗ್ಸ್’ ಅಂತ ಬರೆದುಬಿಡಿ.

ಹಾಗಂತ ಹಿಂದೆ ವಿವರ ಬಂದಾಗೆಲ್ಲ ‘ದ’ ಹಾಕಬೇಕು ಅಂತ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರೆ ಅದು ಅರ್ಧ ಸತ್ಯ. 1967ರಲ್ಲಿ ಜ್ಞಾನಪೀಠ ಪಡೆದ ಕುವೆಂಪು ‘ದ ಫಸ್ಟ್ ಕನ್ನಡ ರೈಟರ್ ಟು ವಿನ್ ದ ಜ್ಞಾನಪೀಠ’. ಮೊದಲನೆಯವರು ಒಬ್ಬರೇ, ಆದ್ದರಿಂದ ‘ದ’. ಆದರೆ 1977ರ ಪ್ರಶಸ್ತಿ ಪಡೆದ ಕಾರಂತರು ‘ಎ ಕನ್ನಡ ರೈಟರ್ ಹೂ ವನ್ ದ ಜ್ಞಾನಪೀಠ’. ಕನ್ನಡಕ್ಕೆ ಬಂದಿರುವುದು 8 ಜ್ಞಾನಪೀಠ. ಅಲ್ಲಿ ‘ದ’ ಹಾಕಿದರೆ ಮಿಕ್ಕ 7 ಮಂದಿಯನ್ನು ಅಳಿಸಿಹಾಕಿದ ಹಾಗೆ.

‘ಬೆಸ್ಟ್’, ‘ಸೇಮ್’, ‘ಓನ್ಲಿ’ ಇವಕ್ಕೂ ಇದೇ ಕಾರಣಕ್ಕೆ ಸಾಮಾನ್ಯವಾಗಿ ‘ದ’. ಹೆಚ್ಚು ಹೇಳುವುದೇನಿಲ್ಲ. ಬಣ್ಣಗಳ ವಿಷಯದಲ್ಲಿ ಮಾತ್ರ ಹುಷಾರು. ‘ಎ ಬ್ಲ್ಯಾಕ್ ಆ್ಯಂಡ್ ವೈಟ್ ಕ್ಯಾಟ್’ ಅಂದರೆ ಒಂದೇ ಬೆಕ್ಕು, ‘ಎ ಬ್ಲ್ಯಾಕ್ ಆ್ಯಂಡ್ ಎ ವೈಟ್ ಕ್ಯಾಟ್’ ಅಂದರೆ ಎರಡು.

ಕೊನೆಯದಾಗಿ, ಇಂಟರ್‌ವ್ಯೂಗೆ ಹೋಗುವವರು ಇದನ್ನು ಕೇಳಿಸಿಕೊಳ್ಳಿ. ‘ಐ ಹ್ಯಾವ್ ಎ ಲಿಟಲ್ ಎಕ್ಸ್‌ಪೀರಿಯನ್ಸ್ ಇನ್ ಟೆಸ್ಟಿಂಗ್’ ಅಂದರೆ ಸ್ವಲ್ಪ ಅನುಭವ ಇದೆ ಅಂತ. ‘ಎ’ ನುಂಗಿದರೆ ಅನುಭವ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಅಂತ. ‘ಫ್ಯೂ’ ಕೂಡ ಹೀಗೇ. ‘ಐ ಹ್ಯಾವ್ ಫ್ಯೂ ಡೌಟ್ಸ್’ ಅಂತ ನೀವು ಪ್ರಶ್ನೆ ಕೇಳಲು ಬಾಯಿ ತೆರೆದರೆ, ಆ ಕಡೆಯವರು ನಿಮಗೆ ಎಲ್ಲಾ ಅರ್ಥವಾಗಿದೆ ಅಂತ ಖುಷಿಯಿಂದ ಮುಂದಿನ ಸ್ಲೈಡಿಗೆ ಹೋಗಿಬಿಡ್ತಾರೆ.

ಇವತ್ತಿಗೆ ಇಷ್ಟು. ‘ಇನ್’, ‘ಆನ್’, ‘ಆ್ಯಟ್’ ಗಲಾಟೆ ಇನ್ನೊಂದು ದಿನ ನೋಡೋಣ.