ವಟ್ಟದ ಲೆಕ್ಕ

‘ವಟ್ಟ’ ಎಂಬ ಮಾತನ್ನು ಇಂದಿನ ಮಕ್ಕಳು ಕೇಳಿರಲಾರರು. ಒಂದು ಬಗೆಯ ನಾಣ್ಯವನ್ನು ಕೊಟ್ಟು ಇನ್ನೊಂದು ಬಗೆಯದನ್ನು ಪಡೆಯುವಾಗ ಚಿನಿವಾರನು ಮುರಿದುಕೊಳ್ಳುತ್ತಿದ್ದ ಅಂಶಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ವರಾಹ, ಹಣ, ರೂಪಾಯಿ ಎಲ್ಲವೂ ಒಂದೇ ಪೇಟೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಚಿನಿವಾರನಿಲ್ಲದೆ ವ್ಯಾಪಾರ ಸಾಗುತ್ತಿರಲಿಲ್ಲ. ಚಿನಿವಾರನ ಅಂಗಡಿ ಎಂದೋ ಮುಚ್ಚಿತು. ವಟ್ಟ ಮಾತ್ರ ಹೋಗಲಿಲ್ಲ. ತಾವು ಮನೆಯ ಜಗಲಿಯ ಮೇಲೆ ಕುಳಿತು, ಕೈಯಲ್ಲಿರುವ ಫೋನಿನಿಂದಲೇ ಲಂಡನ್ನಿನ ಅಂಗಡಿಯ ಪುಸ್ತಕವೊಂದಕ್ಕೆ ಹಣ ಕಟ್ಟಿದಾಗಲೂ ಅದನ್ನು ತೆರುತ್ತೀರಿ. ವ್ಯತ್ಯಾಸವಿಷ್ಟೆ: ಚಿನಿವಾರನು ಕಣ್ಣೆದುರಿಗೆ ಮುರಿದುಕೊಳ್ಳುತ್ತಿದ್ದನು, ಈಗಿನವರು ಕಾಣದಂತೆ ಮುರಿದುಕೊಳ್ಳುತ್ತಾರೆ.

ನಮ್ಮ ಶಾಲೆಯಲ್ಲಿ ಓದಿಹೋದ ಹುಡುಗರು ಪರದೇಶದ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕುವ ದಿನಗಳಲ್ಲಿ ಅವರ ತಂದೆಯಂದಿರು ನನ್ನಲ್ಲಿಗೆ ಬರುವುದುಂಟು. “ಮೇಷ್ಟ್ರೇ, ನೂರು ಡಾಲರು ಶುಲ್ಕ ಎಂದರು. ಪತ್ರಿಕೆಯಲ್ಲಿ ಬಂದ ದರದಿಂದ ಗುಣಿಸಿಯೇ ಹಣ ಇಟ್ಟಿದ್ದೆ. ನಾನೂರು ರೂಪಾಯಿ ಹೆಚ್ಚಾಗಿ ಹೋಯಿತಲ್ಲ?” ಎಂದು ಕೇಳುತ್ತಾರೆ. ಐದಾರು ಕಡೆ ಅರ್ಜಿ ಹಾಕುವ ಮನೆಗೆ ಈ ನಾನೂರು ಎರಡು ಸಾವಿರವನ್ನು ಮೀರುತ್ತದೆ. ಗುಮಾಸ್ತೆಯ ಸಂಬಳದಲ್ಲಿ ಅದು ಸಣ್ಣ ಮೊತ್ತವಲ್ಲ. ಆದುದರಿಂದ ಈ ಹಣ ಎಲ್ಲಿ ಸೋರುತ್ತದೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಪತ್ರಿಕೆಯಲ್ಲಿ ಕಾಣುವ ದರವು ದೊಡ್ಡ ಬ್ಯಾಂಕುಗಳು ತಮ್ಮತಮ್ಮೊಳಗೆ ಭಾರಿ ಮೊತ್ತಗಳನ್ನು ಕೊಂಡು ಮಾರುವ ದರ. ನಮ್ಮ ನಿಮ್ಮಂಥವರಿಗೆ ಅದು ದೊರೆಯುವುದಿಲ್ಲ. ನಿಮ್ಮ ಕಾರ್ಡಿನ ಮೇಲೆ ವೀಸಾ ಎಂದೋ ಮಾಸ್ಟರ್‌ಕಾರ್ಡ್ ಎಂದೋ ಅಚ್ಚಾಗಿರುತ್ತದಷ್ಟೆ. ಆ ಜಾಲದವರು ದಿನದಿನವೂ ತಮ್ಮದೇ ಒಂದು ದರವನ್ನು ಗೊತ್ತುಮಾಡುತ್ತಾರೆ. ಅದು ಸಾಮಾನ್ಯವಾಗಿ ಪೇಟೆಯ ದರಕ್ಕೆ ಬಹಳ ಹತ್ತಿರವಾಗಿಯೇ ಇರುತ್ತದೆ; ದೂರಬೇಕಾದ ಜಾಗ ಇದಲ್ಲ. ಅದರ ಮೇಲೆ ಕಾರ್ಡು ಕೊಟ್ಟ ನಿಮ್ಮ ಬ್ಯಾಂಕು ‘ಫಾರೆಕ್ಸ್ ಮಾರ್ಕಪ್’ ಎಂಬ ಹೆಸರಿನಿಂದ ತನ್ನ ಪಾಲನ್ನು ಸೇರಿಸುತ್ತದೆ. ನಮ್ಮ ದೇಶದ ಬಹುಪಾಲು ಕಾರ್ಡುಗಳಲ್ಲಿ ಇದು ನೂರಕ್ಕೆ ೨ರಿಂದ ೩.೫ರವರೆಗೆ ಇರುತ್ತದೆ. ಆ ಪಾಲು ಸೇವೆಯ ಶುಲ್ಕವಾದುದರಿಂದ ಅದರ ಮೇಲೆ ಸರಕಾರಕ್ಕೆ ನೂರಕ್ಕೆ ೧೮ರಂತೆ ಜಿ.ಎಸ್.ಟಿ. ಸಲ್ಲಬೇಕು.

ಲೆಕ್ಕದ ಸುಲಭಕ್ಕಾಗಿ ಡಾಲರಿಗೆ ೯೦ ರೂಪಾಯಿ ಎಂದು ಇಟ್ಟುಕೊಳ್ಳಿ. ನೂರು ಡಾಲರಿಗೆ ೯,೦೦೦ ಆಯಿತು. ೩.೫ರ ಕಾರ್ಡಿನಲ್ಲಿ ಬ್ಯಾಂಕಿನ ಪಾಲು ೩೧೫ ರೂಪಾಯಿ, ಅದರ ಮೇಲಿನ ತೆರಿಗೆ ೫೬ ರೂಪಾಯಿ ೭೦ ಪೈಸೆ. ಒಟ್ಟು ೯,೩೭೧ ರೂಪಾಯಿ ೭೦ ಪೈಸೆ. ೨ರ ಕಾರ್ಡಿನಲ್ಲಿ ಇದೇ ಮೊತ್ತ ೯,೨೧೨ ರೂಪಾಯಿ ೪೦ ಪೈಸೆಗೆ ನಿಲ್ಲುತ್ತದೆ. ಆ ತಂದೆಯ ನಾನೂರರ ಗುಟ್ಟು ಹೆಚ್ಚುಕಡಿಮೆ ಇಲ್ಲಿಯೇ ಇದೆ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದ ಇನ್ನೊಂದು ಸ್ಥಳವುಂಟು. ಹಣ ಕಟ್ಟುವ ಕೊನೆಯ ಗಳಿಗೆಯಲ್ಲಿ ಪರದೇಶದ ಅಂಗಡಿಯು ಬಹು ವಿನಯದಿಂದ, “ಡಾಲರಿನಲ್ಲಿ ಕೊಡುವಿರೋ, ನಿಮ್ಮ ರೂಪಾಯಿಯಲ್ಲಿಯೇ ಕೊಡುವಿರೋ?” ಎಂದು ಕೇಳುತ್ತದೆ. ಕೆಲವೊಮ್ಮೆ ಕೇಳುವ ಮೊದಲೇ ರೂಪಾಯಿಯ ಮುಂದೆ ಗುರುತು ಹಾಕಿಟ್ಟಿರುತ್ತದೆ. ರೂಪಾಯಿಯ ಹೆಸರು ಕಂಡೊಡನೆ ನಮಗೆ ತವರಿನವರು ಸಿಕ್ಕಂತಾಗುತ್ತದೆ! ಎಷ್ಟು ಹೋಗುತ್ತದೆಂಬುದು ಆಗಲೇ ತಿಳಿಯುತ್ತದಲ್ಲ ಎಂಬ ಸಮಾಧಾನವೂ ಉಂಟು. ಆದರೆ ಅಲ್ಲಿ ಡಾಲರನ್ನು ರೂಪಾಯಿಗೆ ತಿರುಗಿಸುವವನು ನಿಮ್ಮ ಬ್ಯಾಂಕಿನವನಲ್ಲ, ಅಂಗಡಿಯ ಕಡೆಯ ಚಿನಿವಾರ. ಅವನ ದರವು ಪೇಟೆಯ ದರಕ್ಕಿಂತ ನೂರಕ್ಕೆ ನಾಲ್ಕೈದು ಹೆಚ್ಚಾಗಿರುವುದು ಅಪರೂಪವಲ್ಲ. ೫ ಎಂದು ಹಿಡಿದರೆ ನಮ್ಮ ೯,೦೦೦ ಅಲ್ಲಿಯೇ ೯,೪೫೦ ಆಯಿತು. ಸಾಲದೆಂಬಂತೆ, ರೂಪಾಯಿಯಲ್ಲಿ ನಡೆದರೂ ವ್ಯಾಪಾರಿ ಪರದೇಶದವನಾದ್ದರಿಂದ ನಮ್ಮ ಅನೇಕ ಬ್ಯಾಂಕುಗಳು ಬೇರೊಂದು ಶುಲ್ಕವನ್ನು ವಿಧಿಸುತ್ತವೆ. ಅದು ನೂರಕ್ಕೆ ೧ ಆದರೆ ೯೪ ರೂಪಾಯಿ ೫೦ ಪೈಸೆ, ತೆರಿಗೆ ೧೭ ರೂಪಾಯಿ ೧ ಪೈಸೆ. ಕೂಡಿಸಿದರೆ ೯,೫೬೧ ರೂಪಾಯಿ ೫೧ ಪೈಸೆ. ಒಂದು ಗುರುತನ್ನು ಬದಲಿಸದೆ ಬಿಟ್ಟದ್ದಕ್ಕೆ ೨ರ ಕಾರ್ಡಿನವನು ಸುಮಾರು ೩೫೦ ರೂಪಾಯಿ ಹೆಚ್ಚು ತೆತ್ತಂತಾಯಿತು.

ಆಯ್ಕೆ ಮಾತ್ರ ನಿಮ್ಮದೇ. ಕಾರ್ಡು ಜಾಲಗಳ ನಿಯಮವೂ ಹಾಗೆಯೇ ಹೇಳುತ್ತದೆ. ಡಾಲರಿನ ಅಂಗಡಿಯಲ್ಲಿ ಡಾಲರನ್ನೂ ಪೌಂಡಿನ ಅಂಗಡಿಯಲ್ಲಿ ಪೌಂಡನ್ನೂ ಆರಿಸಿಕೊಂಡರೆ ಸಾಕು. ಪೇಪಾಲ್‌ನಂಥ ಮಧ್ಯವರ್ತಿಗಳ ಮೂಲಕ ಹಣ ಕಟ್ಟುವಾಗಲೂ ಇದೇ ಪ್ರಶ್ನೆ ಏಳುತ್ತದೆ. ತಾನೇ ಪರಿವರ್ತನೆ ಮಾಡಿದರೆ ಪೇಪಾಲ್ ತನ್ನ ಅಂಶವನ್ನು ದರದೊಳಗೇ ಅಡಗಿಸುತ್ತದೆ. ಬೇರೆ ಸಾಲಾಗಿ ತೋರಿಸದ ಕಾರಣ ಶುಲ್ಕವೇ ಇಲ್ಲವೆಂದು ಭ್ರಮೆಯಾಗುತ್ತದೆ. ಅಂಥ ಕಡೆ, ಕಾರ್ಡು ಕೊಟ್ಟ ಬ್ಯಾಂಕೇ ಪರಿವರ್ತನೆ ಮಾಡಲಿ ಎಂಬ ಆಯ್ಕೆ ಇದೆಯೇ ಎಂದು ಹುಡುಕಿ ನೋಡಬೇಕು.

ಬೆಲೆ ಮೊದಲಿನಿಂದಲೂ ರೂಪಾಯಿಯಲ್ಲಿಯೇ ಇದ್ದು, ಯಾವ ಪ್ರಶ್ನೆಯೂ ಬಾರದೆ, ತಿಂಗಳ ಪಟ್ಟಿಯಲ್ಲಿ ಮಾತ್ರ ಆ ಸಣ್ಣ ಶುಲ್ಕ ಕಾಣಿಸಿಕೊಳ್ಳುವುದೂ ಉಂಟು. ಮಾರುವ ಸಂಸ್ಥೆ ಹೊರದೇಶದಲ್ಲಿ ನೋಂದಾಯಿತವಾಗಿದ್ದರೆ ಹೀಗಾಗುತ್ತದೆ. ಬೆಲೆಯ ಚೀಟಿಯನ್ನು ನೋಡಿ ಇದನ್ನು ಊಹಿಸುವುದು ಕಷ್ಟ.

ಹಾಗಾದರೆ ಮಾರ್ಕಪ್ಪೇ ಇಲ್ಲದ ಕಾರ್ಡು ಇಲ್ಲವೆ? ಇವೆ. ಕೆಲವು ಬ್ಯಾಂಕುಗಳು ಕೊಡುತ್ತವೆ; ಅವುಗಳಲ್ಲಿ ನಮ್ಮ ೯,೦೦೦ ಜಾಲದ ದರದಲ್ಲಿ ೯,೦೦೦ವಾಗಿಯೇ ಉಳಿಯುತ್ತದೆ. ಆದರೆ ಅವುಗಳಲ್ಲಿ ಕೆಲವಕ್ಕೆ ವರ್ಷದ ಚಂದಾ ಇರುತ್ತದೆಂಬುದನ್ನು ಮರೆಯಕೂಡದು. ೩.೫ರ ಶುಲ್ಕವು ತೆರಿಗೆಯೂ ಸೇರಿ ನೂರಕ್ಕೆ ೪.೧೩ ಆಗುತ್ತದಷ್ಟೆ. ವರ್ಷಕ್ಕೆ ೨೦,೦೦೦ ರೂಪಾಯಿಯ ಪರದೇಶದ ಖರೀದಿ ಮಾಡುವವನಿಗೆ ಇದರಿಂದ ಉಳಿಯುವುದು ೮೨೬ ರೂಪಾಯಿ. ಚಂದಾ ಸಾವಿರವಾದರೆ ಉಳಿತಾಯವೆಲ್ಲಿ ಬಂತು? ೨೪,೦೦೦ವನ್ನು ದಾಟಿದ ಮೇಲೆಯೇ ಅಂಥ ಕಾರ್ಡು ತನ್ನ ಅನ್ನವನ್ನು ತಾನು ದುಡಿಯುತ್ತದೆ. ಕಾಲೇಜಿನ ಅರ್ಜಿಗಳು ಇರುವ ವರ್ಷ ಒಂದು ಲೆಕ್ಕ, ವರ್ಷಕ್ಕೊಂದು ಪುಸ್ತಕ ತರಿಸುವ ನನ್ನಂಥವನದು ಇನ್ನೊಂದು ಲೆಕ್ಕ. ಮುಂಚಿತವಾಗಿ ಡಾಲರು ತುಂಬಿಡುವ ಫಾರೆಕ್ಸ್ ಕಾರ್ಡುಗಳು ಪ್ರವಾಸಿಗರಿಗೆ ಹೇಳಿ ಮಾಡಿಸಿದವು. ಅವುಗಳನ್ನು ತುಂಬುವ ದರದಲ್ಲಿಯೇ ಮಾರುವವನ ಲಾಭ ಅಡಗಿರುತ್ತದೆ. ಡಾಲರಿನ ಕಾರ್ಡಿನಿಂದ ಪೌಂಡು ಕೊಡಹೋದರೆ ಮತ್ತೊಂದು ಶುಲ್ಕ ಬೀಳುವುದೇ ಹೆಚ್ಚು.

ವಸ್ತುವನ್ನು ಹಿಂದಿರುಗಿಸಿದಾಗ ಪೂರ್ತಿ ಹಣ ಮರಳಬೇಕೆಂದು ನಾವು ತಿಳಿಯುತ್ತೇವೆ. ಅಂಗಡಿಯವನು ಪೂರ್ತಿ ನೂರು ಡಾಲರನ್ನೇ ಹಿಂದಕ್ಕೆ ಕಳಿಸಿರುತ್ತಾನೆ, ನಿಜ. ಆದರೆ ಅದು ರೂಪಾಯಿಯಾಗುವುದು ಹಿಂದಿರುಗಿದ ದಿನದ ದರದಲ್ಲಿ. ಮೊದಲು ಹಿಡಿದ ಶುಲ್ಕವನ್ನು ಬ್ಯಾಂಕು ಮರಳಿಸದಿರುವುದೂ ಸಾಮಾನ್ಯ. ಕೊಂಡ ದಿನದ ವಿಷಯದಲ್ಲಿಯೂ ಹೀಗೆಯೇ: ನೀವು ಗುಂಡಿಯೊತ್ತಿದ ದಿನದ ದರವಲ್ಲ, ಜಾಲದವರು ಆ ವ್ಯವಹಾರವನ್ನು ಇತ್ಯರ್ಥಪಡಿಸಿದ ದಿನದ ದರವೇ ಪಟ್ಟಿಗೆ ಏರಬಹುದು.

ಇದನ್ನೆಲ್ಲ ಒರೆಹಚ್ಚಿ ನೋಡುವುದು ಹೇಗೆ? ಪ್ರತಿಯೊಂದು ಕಾರ್ಡಿಗೂ ಬ್ಯಾಂಕು ‘ಮುಖ್ಯ ನಿಬಂಧನೆಗಳು’ ಎಂಬ ಪತ್ರವನ್ನು ಪ್ರಕಟಿಸುತ್ತದೆ. ಅಕ್ಷರ ಸಣ್ಣದು, ಕನ್ನಡಕ ಬೇಕು. ಅದರಲ್ಲಿ ಪರದೇಶದ ನಾಣ್ಯದ ವ್ಯವಹಾರ ಎಂಬ ಸಾಲನ್ನೂ, ಹೊರದೇಶದಲ್ಲಿ ರೂಪಾಯಿಯ ವ್ಯವಹಾರ ಎಂಬ ಸಾಲನ್ನೂ ಬೇರೆಬೇರೆಯಾಗಿ ಓದಬೇಕು. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡೂ ತಮ್ಮ ದಿನದ ದರವನ್ನು ಅಂತರಜಾಲದಲ್ಲಿ ತೋರಿಸುತ್ತವೆ. ಬ್ಯಾಂಕಿನ ಶುಲ್ಕವನ್ನು ಕೊಟ್ಟರೆ ಒಟ್ಟು ಮೊತ್ತವನ್ನೂ ಗುಣಿಸಿಕೊಡುತ್ತವೆ. ಮನೆಯಲ್ಲಿ ಎರಡು ಕಾರ್ಡುಗಳಿದ್ದರೆ ಎರಡನ್ನೂ ತೂಗಿ ನೋಡಲು ಐದು ನಿಮಿಷ ಸಾಕು.

ಪಾರ್ಸೆಲ್ಲಿನ ಮೇಲೆ ಬೀಳಬಹುದಾದ ಸುಂಕ ಬೇರೆ ಅಧ್ಯಾಯ. ಅದಕ್ಕೂ ಕಾರ್ಡಿಗೂ ಸಂಬಂಧವಿಲ್ಲ.

ಕೊನೆಯದಾಗಿ ಒಂದು ಮಾತು. ಕಾರ್ಡು ಪರದೇಶದ ಅಂಗಡಿಯಲ್ಲಿ ನಡೆಯದಿದ್ದರೆ ಗಾಬರಿ ಬೇಡ. ೨೦೨೦ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆದೇಶದ ಮೇರೆಗೆ, ಹೊಸ ಕಾರ್ಡು ಮೊದಲಿಗೆ ನಮ್ಮ ದೇಶದ ಎ.ಟಿ.ಎಂ. ಮತ್ತು ಅಂಗಡಿಗಳಲ್ಲಿ ಮಾತ್ರ ನಡೆಯುವಂತಿರುತ್ತದೆ. ಪರದೇಶದ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆದುಕೊಳ್ಳಬೇಕು, ಮಿತಿಯನ್ನೂ ನೀವೇ ಹಾಕಬಹುದು. ಅರ್ಜಿಯ ಶುಲ್ಕ ಕಟ್ಟಿ ಮುಗಿದ ಸಂಜೆಯೇ ಅದನ್ನು ಮತ್ತೆ ಮುಚ್ಚಿಡಿ.