ಕಿಡಿ ತಪ್ಪಿಸುವ ಕಪ್ಲರ್

ನಿಸಾನ್ 300ಝಡ್‌ಎಕ್ಸ್ ಸ್ಪೋರ್ಟ್ಸ್ ಕಾರಿನ ಎರಡನೆಯ ಪೀಳಿಗೆ 1989ರಲ್ಲಿ ಜಪಾನಿನಲ್ಲಿ ಹೊರಬಂತು. ಅಭಿಮಾನಿಗಳು ಅದನ್ನು ಝಡ್32 ಎನ್ನುತ್ತಾರೆ. ಮೂರು ಲೀಟರಿನ ವಿ6 ಎಂಜಿನ್, ಟರ್ಬೊ ಮಾದರಿಯಲ್ಲಿ ಎರಡು ಟರ್ಬೊ. ಅಮೆರಿಕದಲ್ಲಿ ಮಾರಾಟವಾದ ಮ್ಯಾನ್ಯುಯಲ್ ಗೇರಿನ ಟರ್ಬೊ ಕಾರಿಗೆ 300 ಅಶ್ವಶಕ್ತಿ. ಇಷ್ಟನ್ನೂ ತಗ್ಗು ಬಾನೆಟ್ಟಿನಡಿ ತುರುಕಿರುವುದರಿಂದ ಕೈಯಾಡಿಸಲು ಜಾಗವಿಲ್ಲ, ಬಿಸಿ ಹೊರಹೋಗಲು ದಾರಿ ಸಾಲದು. ಆ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದು ಕೈಕೊಡುವ ಭಾಗಗಳಲ್ಲೊಂದು, ಇಗ್ನಿಷನ್ ಕಾಯಿಲಿಗೆ ವೈರು ಜೋಡಿಸುವ ಪುಟ್ಟ ಪ್ಲಾಸ್ಟಿಕ್ ಕನೆಕ್ಟರ್. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಕಪ್ಲರ್ ಎನ್ನುವುದು ವಾಡಿಕೆ.

ಕಪ್ಲರ್ ಸಡಿಲವಾದರೆ ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ. ನಿಂತಲ್ಲೇ ನಡುಗುತ್ತದೆ, ಆಕ್ಸಿಲರೇಟರ್ ತುಳಿದರೆ ಮುಗ್ಗರಿಸುತ್ತದೆ. ಸಾಮಾನ್ಯವಾಗಿ ಅಪವಾದ ಬರುವುದು ಕಾಯಿಲಿನ ಮೇಲೆ. ಹೊಸ ಕಾಯಿಲ್ ಹಾಕುತ್ತಾರೆ, ಗಾಡಿ ಸರಿಹೋಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಪಾಡು. ಕಾಯಿಲ್ ಬದಲಿಸಲು ಕಪ್ಲರ್ ಕಿತ್ತು ಮತ್ತೆ ಹಾಕಿದಾಗ ಅದರ ಪಿನ್ನು ಒಂದಿಷ್ಟು ಉಜ್ಜಿ ಶುಚಿಯಾಗಿರುತ್ತದೆ. ಗುಣ ಬಂದದ್ದು ಅದರಿಂದ. ದುಡ್ಡು ಹೋದದ್ದು ಮಾತ್ರ ಕಾಯಿಲಿಗೆ.

ಇಷ್ಟು ಸಣ್ಣ ದೋಷಕ್ಕೆ ಇಷ್ಟೊಂದು ರಂಪ ಏಕೆ? ಝಡ್32ರಲ್ಲಿ ಆರು ಸಿಲಿಂಡರಿಗೆ ಆರು ಕಾಯಿಲ್, ಪ್ರತಿಯೊಂದೂ ತನ್ನ ಸ್ಪಾರ್ಕ್ ಪ್ಲಗ್ಗಿನ ನೆತ್ತಿಯ ಮೇಲೆಯೇ ಕೂತಿರುತ್ತದೆ. ಕಾಯಿಲಿನ ಒಳಗೆ ಎರಡು ಸುರುಳಿಗಳು. ಮೊದಲನೆಯದಕ್ಕೆ ಬ್ಯಾಟರಿಯ ಕರೆಂಟು ಕೆಲವೇ ಮಿಲಿಸೆಕೆಂಡು ಹರಿದು ಥಟ್ಟನೆ ನಿಲ್ಲುತ್ತದೆ. ಆಗ ಎರಡನೆಯದರಲ್ಲಿ 20,000 ವೋಲ್ಟಿಗೂ ಮಿಗಿಲಾದ ಒತ್ತಡ ಎದ್ದು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಒಂದೊಂದು ಕಾಯಿಲೂ ಸೆಕೆಂಡಿಗೆ 50 ಸಲ ಹೀಗೆ ಮಾಡಬೇಕು. ಕಿಡಿಯ ಬಲ ಮೊದಲ ಸುರುಳಿಯ ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ: ಕರೆಂಟು ಅರ್ಧವಾದರೆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಆ ಸುರುಳಿಯ ರೋಧವೇ ಒಂದು ಓಮ್‌ನ ಆಸುಪಾಸು. ಕಿಲುಬು ಹಿಡಿದ ಪಿನ್ನು ಅದಕ್ಕೆ ಇನ್ನರ್ಧ ಓಮ್ ಸೇರಿಸಿದರೆ ಸಾಕು, ಕಿಡಿ ಸೊರಗುತ್ತದೆ. ಟರ್ಬೊ ಗಾಳಿ ತುಂಬಿ ಸಿಲಿಂಡರಿನ ಒತ್ತಡ ಹೆಚ್ಚಿದಾಗ ಕಿಡಿ ಹಾರಲು ಇನ್ನೂ ಹೆಚ್ಚು ವೋಲ್ಟ್ ಬೇಕು. ಹೀಗಾಗಿ ನಿಧಾನ ಓಡಿಸುವಾಗ ತೆಪ್ಪಗಿದ್ದ ದೋಷ ವೇಗ ಬೇಕೆಂದಾಗಲೇ ಹೊರಬೀಳುತ್ತದೆ.

ಬಿಸಿ, ತಣಿವು, ಮತ್ತೆ ಬಿಸಿ ಎಂದು ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಹಪ್ಪಳದಂತಾಗುತ್ತದೆ, ಮುಟ್ಟಿದರೆ ಮುರಿಯುತ್ತದೆ. ಹಿಡಿತ ಸಡಿಲಿದ ಕಪ್ಲರ್ ಎಂಜಿನ್ ಅದುರಿದಂತೆ ತಾನೂ ಕೂದಲೆಳೆಯಷ್ಟು ಅಲುಗುತ್ತದೆ. ಆ ತಿಕ್ಕಾಟಕ್ಕೆ ಪಿನ್ನಿನ ಮೇಲಿನ ತವರದ ಲೇಪ ಸವೆದು, ಆಕ್ಸೈಡಿನ ಪುಡಿ ಕೂರುತ್ತದೆ. ರಬ್ಬರ್ ಸೀಲ್ ಗಟ್ಟಿಯಾಗಿ ಬಿರಿದಿದ್ದರೆ ತೇವವೂ ಒಳನುಗ್ಗುತ್ತದೆ.

ಮನೆಯಲ್ಲೇ ರಿಪೇರಿ ಮಾಡುವವರು ಎಂಜಿನ್ ಪೂರ್ತಿ ತಣಿದ ಮೇಲೆ, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ ಕೆಲಸ ಶುರುಮಾಡಬೇಕು. ಕಪ್ಲರನ್ನು ಹಿಡಿದು ಎಳೆಯಬೇಕು, ವೈರು ಹಿಡಿದು ಜಗ್ಗಬಾರದು. ಆರನ್ನೂ ಒಟ್ಟಿಗೆ ಬಿಚ್ಚುವ ಉತ್ಸಾಹ ಬೇಡ. ಒಂದರ ವೈರು ಇನ್ನೊಂದಕ್ಕೆ ಹೋದರೆ ಕಿಡಿ ತಪ್ಪಾದ ಹೊತ್ತಿಗೆ ಹಾರುತ್ತದೆ. ಬಿಚ್ಚುವ ಮುನ್ನ ವೈರಿನ ಬಣ್ಣ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ಕಪ್ಲರ್ ಗಿಡ್ಡ ವೈರಿನ ಸಮೇತವೂ ಸಿಗುತ್ತದೆ, ಪ್ಲಾಸ್ಟಿಕ್ ಹೌಸಿಂಗ್, ವೈರಿನ ತುದಿಗೆ ಹಾಕುವ ಲೋಹದ ಟರ್ಮಿನಲ್, ಸೀಲ್ ಬಿಡಿಬಿಡಿಯಾಗಿಯೂ ಸಿಗುತ್ತದೆ. ಬಿಡಿಯಾದದ್ದೇ ಮೇಲು: ನಡುವೆ ಇನ್ನೊಂದು ಜೋಡಣೆ ಬೇಕಾಗುವುದಿಲ್ಲ.

ನಿಜವಾದ ಕಸುಬು ಇರುವುದು ಕ್ರಿಂಪಿಂಗಿನಲ್ಲಿ, ಎಂದರೆ ಟರ್ಮಿನಲ್ಲನ್ನು ವೈರಿಗೆ ಒತ್ತಿ ಬಿಗಿಯುವುದರಲ್ಲಿ. ಟರ್ಮಿನಲ್ಲಿಗೆ ಎರಡು ಜೊತೆ ರೆಕ್ಕೆಗಳಿರುತ್ತವೆ. ಒಂದು ಜೊತೆ ತಾಮ್ರದ ಎಳೆಗಳನ್ನು ಅಪ್ಪಬೇಕು, ಇನ್ನೊಂದು ಸೀಲ್ ಸಮೇತ ವೈರಿನ ಹೊದಿಕೆಯನ್ನು ಹಿಡಿಯಬೇಕು. ಕಟಿಂಗ್ ಪ್ಲೇಯರಿನಲ್ಲಿ ಒತ್ತಿದರೆ ರೆಕ್ಕೆ ಚಪ್ಪಟೆಯಾಗುತ್ತದೆಯೇ ಹೊರತು ಎಳೆಗಳು ಬಿಗಿಯುವುದಿಲ್ಲ. ಆ ಟರ್ಮಿನಲ್ಲಿಗೆಂದೇ ಇರುವ ಕ್ರಿಂಪಿಂಗ್ ಟೂಲ್ ಕೊಳ್ಳಿ ಅಥವಾ ಎರವಲು ತನ್ನಿ. ಒತ್ತಿದ ಮೇಲೆ ಎಳೆದು ನೋಡಿ. ಕಳಚಿಬಂದರೆ ಅದು ಕ್ರಿಂಪೇ ಅಲ್ಲ. ಬೆಸುಗೆ ಹಾಕಿದರೆ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯಂತೆ ಸೆಡೆಸುತ್ತದೆ, ಅದು ಮುಗಿಯುವ ಜಾಗದಲ್ಲೇ ಅದುರಾಟಕ್ಕೆ ವೈರು ತುಂಡಾಗುತ್ತದೆ. ಎಂಜಿನ್ ಮೇಲಿನ ವೈರಿಗೆ ಬೆಸುಗೆ ಬೇಡ ಎಂಬುದೇ ನನ್ನ ಅಭಿಪ್ರಾಯ.

ಪರೀಕ್ಷೆಗೆ ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ಒಂದೇ ಎಳೆ ಉಳಿದ ವೈರಿನಲ್ಲೂ ಅದು 12 ವೋಲ್ಟ್ ತೋರಿಸೀತು, ಏಕೆಂದರೆ ಅದು ಎಳೆಯುವ ಕರೆಂಟು ಬಹಳ ಕಡಿಮೆ. ಬ್ಯಾಟರಿ ವೈರು ಮತ್ತೆ ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಕಪ್ಲರಿನ ಪಾಸಿಟಿವ್ ಪಿನ್ನಿಗೂ ಬಾಡಿ ಅರ್ತಿಗೂ ನಡುವೆ 21 ವ್ಯಾಟಿನ ಬ್ರೇಕ್ ಬಲ್ಬು ಹಿಡಿಯಿರಿ. ಮಂಕಾಗಿ ಉರಿದರೆ ದೋಷ ವೈರಿಂಗಿನಲ್ಲಿದೆ. ಆರೂ ಕಪ್ಲರ್ ಸರಿಯಿದ್ದೂ ಮಿಸ್ಸಿಂಗ್ ನಿಲ್ಲದಿದ್ದರೆ, ಕಾಯಿಲುಗಳ ಕರೆಂಟನ್ನು ಹರಿಸಿ ತಡೆಯುವ ಪವರ್ ಟ್ರಾನ್ಸಿಸ್ಟರ್ ಪೆಟ್ಟಿಗೆಯನ್ನು ಶಂಕಿಸಬೇಕು. ಝಡ್32ರಲ್ಲಿ ಅದೂ ಕೆಡುವ ವಸ್ತುವೇ. ಓಡುತ್ತಿರುವ ಎಂಜಿನ್ನಿನ ಕಾಯಿಲಿಗೆ ಮಾತ್ರ ಯಾರೂ ಕೈ ಹಾಕಬೇಡಿ, ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರವೂ ನಿಲ್ಲಬೇಡಿ. ಮಿಸ್ಸಿಂಗ್ ಇರುವ ಗಾಡಿಯನ್ನು ಹಾಗೆಯೇ ಓಡಿಸುವುದೂ ತಪ್ಪು: ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಉರಿದು ಅದನ್ನು ಸುಡುತ್ತದೆ. ಅದರ ಬೆಲೆಯ ಮುಂದೆ ಕಪ್ಲರ್ ಏನೇನೂ ಅಲ್ಲ.

ನಮ್ಮ ರಸ್ತೆಗಳ ಎಷ್ಟೋ ಸಾಧಾರಣ ಪೆಟ್ರೋಲ್ ಕಾರುಗಳಲ್ಲೂ ಈಗ ಪ್ಲಗ್ಗಿನ ಮೇಲೆಯೇ ಕಾಯಿಲ್ ಇರುತ್ತದೆ. ಗ್ಯಾರೇಜಿನವರು ಕಾಯಿಲ್ ಬದಲಿಸಬೇಕೆಂದು ಹೇಳಿದರೆ, ಮೊದಲು ಕಪ್ಲರ್ ಬಿಚ್ಚಿ ತೋರಿಸಿ ಎಂದು ಕೇಳಿ.