ಸ್ತ್ರೀಯರ ಗುಹ್ಯ ನರಹುಲಿಗಳು

ಕೈಬೆರಳಿನಲ್ಲಿ ನರಹುಲಿ ಎದ್ದರೆ ಹೆಂಗಸರು ನೆರೆಮನೆಯವರಿಗೂ ತೋರಿಸುವರು. ಗುಹ್ಯಸ್ಥಾನದಲ್ಲಿ ಎದ್ದರೆ ವೈದ್ಯರಿಗೂ ಹೇಳರು. ಈ ಸಂಕೋಚದಿಂದ ಆಗುವ ಕೇಡು ಬಹಳವಾದುದರಿಂದ ಇದರ ಸ್ವರೂಪವನ್ನು ನಾವು ಇಲ್ಲಿ ವಿಚಾರಮಾಡೋಣ.

ಮೈಬಣ್ಣದ ಈ ಗಂಟುಗಳು ಒಂಟಿಯಾಗಿಯೋ ಹೂಕೋಸಿನಂತೆ ಗುಂಪಾಗಿಯೋ ಏಳುತ್ತವೆ, ನೋವು ಅಪರೂಪ. ನೂರಕ್ಕೆ ಸುಮಾರು 90ರಲ್ಲಿ ಪ್ಯಾಪಿಲೋಮಾ ವೈರಸ್ಸಿನ 6 ಮತ್ತು 11ನೆಯ ಬಗೆಗಳೇ ಕಾರಣ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಮೂಲವಾದ 16, 18ನೆಯ ಬಗೆಗಳು ಬೇರೆ. ಆದಕಾರಣ ನರಹುಲಿ ಕಂಡೊಡನೆ ಕ್ಯಾನ್ಸರೆಂದು ಹೆದರಬೇಕಾಗಿಲ್ಲ. ಗರ್ಭಕಂಠದ ಪರೀಕ್ಷೆಯನ್ನು ಮಾತ್ರ ಎಲ್ಲ ಸ್ತ್ರೀಯರಂತೆ ಕಾಲಕಾಲಕ್ಕೆ ಮಾಡಿಸಿಕೊಳ್ಳತಕ್ಕದ್ದು.

ವೈರಸ್ಸು ಮುಖ್ಯವಾಗಿ ಸಂಭೋಗಕಾಲದ ಚರ್ಮಸ್ಪರ್ಶದಿಂದ ಹರಡುವುದು. ದೇಹವನ್ನು ಸೇರಿದ ಮೇಲೆ ಅದು ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ಅಡಗಿರಬಲ್ಲದು. ಯಾರಿಂದ ಎಂದು ಬಂದಿತೆಂಬುದನ್ನು ಹೀಗೆ ನಿರ್ಣಯಿಸಲಾಗದಿರುವಾಗ, ನರಹುಲಿಯನ್ನು ಹೆಂಡತಿಯ ಅಥವಾ ಗಂಡನ ನಡತೆಗೆ ಸಾಕ್ಷಿಯೆಂದು ಹಿಡಿಯುವುದು ನ್ಯಾಯವಲ್ಲ.

ವೈದ್ಯರು ಇದನ್ನು ಲೇಪದಿಂದ ಕರಗಿಸುವರು, ದ್ರವಸಾರಜನಕದಿಂದ ಹೆಪ್ಪುಗಟ್ಟಿಸುವರು, ವಿದ್ಯುತ್ತಿನಿಂದ ಸುಡುವರು, ಇಲ್ಲವೆ ಕತ್ತರಿಸುವರು. ಸುಣ್ಣವನ್ನಾಗಲಿ ಕೈಯ ನರಹುಲಿಯ ಔಷಧವನ್ನಾಗಲಿ ಅಲ್ಲಿ ಹಚ್ಚಿದರೆ ಮೃದುಚರ್ಮ ಹುಣ್ಣಾಗುವುದು. ಗರ್ಭಿಣಿಯರು ಅದನ್ನು ಮೊದಲೇ ತಿಳಿಸಬೇಕು; ಪೊಡೊಫಿಲಿನ್ ಲೇಪ ಅವರಿಗೆ ನಿಷಿದ್ಧ. ಚಿಕಿತ್ಸೆ ಗಂಟನ್ನು ತೆಗೆಯುವುದೇ ಹೊರತು ವೈರಸ್ಸನ್ನಲ್ಲ. ಅದು ಮತ್ತೆ ಎದ್ದರೆ ಧೈರ್ಯಗೆಡದೆ ಪುನಃ ಚಿಕಿತ್ಸೆ ಪಡೆಯಬೇಕು. ಬಹುಮಂದಿಯಲ್ಲಿ ಕಾಲಕ್ರಮದಲ್ಲಿ ದೇಹವೇ ವೈರಸ್ಸನ್ನು ಅಡಗಿಸುತ್ತದೆ.

ಈ ನಾಲ್ಕು ಬಗೆಗಳನ್ನೂ ತಡೆಯುವ ಲಸಿಕೆ 2006ರಲ್ಲಿ ಹೊರದೇಶಗಳಲ್ಲಿಯೂ, ಪುಣೆಯಲ್ಲಿ ತಯಾರಾದದ್ದು 2023ರಲ್ಲಿ ನಮ್ಮಲ್ಲಿಯೂ ಬಳಕೆಗೆ ಬಂದಿತು. ಎದ್ದ ನರಹುಲಿಯನ್ನು ಅದು ವಾಸಿಮಾಡದು. ಸೋಂಕಿಗೆ ಮುಂಚೆ, ಎಳೆಯ ವಯಸ್ಸಿನಲ್ಲಿಯೇ ಹಾಕಿಸುವುದು ಶ್ರೇಯಸ್ಕರ. ಮಗಳಿಗೆ ಇದನ್ನು ತಿಳಿಸುವ ತಾಯಿ ಲಜ್ಜೆಗೆಟ್ಟವಳಲ್ಲ, ವಿವೇಕಿ.